ವರದಿಯಲ್ಲಿ ಇಲ್ಲದ ಸಭೆ



ಬೆಂಗಳೂರಿನ ಹಡ್ಸನ್ ವೃತ್ತವನ್ನು ನಿಮ್ಮಲ್ಲಿ ಬಹಳ ಮಂದಿ ದಾಟಿರುತ್ತೀರಿ. ಅಲ್ಲಿರುವ ಕಲ್ಲಿನ ದೇವಾಲಯ 1904ರದ್ದು. ವೆಸ್ಲಿಯನ್ ಮೆಥೊಡಿಸ್ಟ್ ಮಿಷನರಿ ಜೊಸಾಯ ಹಡ್ಸನ್ ಅವರ ಹೆಸರಿನಲ್ಲಿ ಕಟ್ಟಿದ್ದು, ಆರಾಧನೆ ಕನ್ನಡದಲ್ಲಿ. ಆದರೆ ಇವತ್ತು ಅದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ದೇವಾಲಯ. ಅಲ್ಲಿಂದ ಆಟೋ ಹಿಡಿದು ರಿಚ್ಮಂಡ್ ಟೌನಿಗೆ ಹೋದರೆ ಅಲ್ಲಿನ ದೇವಾಲಯ ಈಗಲೂ ಮೆಥೊಡಿಸ್ಟ್. ಮೂಲಪುರುಷ ಒಬ್ಬನೇ, ಮನೆ ಎರಡು. ಕರ್ನಾಟಕದ ಮೆಥೊಡಿಸ್ಟ್ ಚರಿತ್ರೆ ಬರೆಯುವವರಿಗೆ ಮೊದಲ ತೊಡಕು ಇಲ್ಲೇ ಶುರುವಾಗುತ್ತದೆ.

ಆ ಮೂಲಪುರುಷ ಜಾನ್ ವೆಸ್ಲಿ. ಅವನ ಜೀವನಚರಿತ್ರೆಯನ್ನು ಇಲ್ಲಿ ಒಪ್ಪಿಸಲು ಹೋಗುವುದಿಲ್ಲ. 1739ರಲ್ಲಿ ಅವನು ಬ್ರಿಸ್ಟಲ್ ಪಕ್ಕದ ಕಲ್ಲಿದ್ದಲು ಗಣಿಗಾರರ ನಡುವೆ ಬಯಲಲ್ಲಿ ನಿಂತು ಬೋಧಿಸಿದ್ದನ್ನು ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1742ರ ಒಂದು ಸಾಲದ ಲೆಕ್ಕ. ಬ್ರಿಸ್ಟಲ್‌ನ ಸಭಾಗೃಹದ ಮೇಲೆ ಸಾಲವಿತ್ತು. ಸದಸ್ಯರು ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬರು ಹೇಳಿದರು. ಬಡವರಿಗೆ ಅದೂ ಕಷ್ಟ ಎಂದು ಇನ್ನೊಬ್ಬರು. ಹಾಗಾದರೆ ಹನ್ನೊಂದು ಬಡವರನ್ನು ನನಗೆ ಒಪ್ಪಿಸಿ, ಅವರ ಕೈಲಿ ಆಗದಿದ್ದರೆ ಅವರ ಪಾಲನ್ನು ನಾನೇ ತುಂಬುತ್ತೇನೆ ಎಂದು ಮೊದಲು ಸಲಹೆ ಕೊಟ್ಟವರೇ ಹೊಣೆ ಹೊತ್ತರು. ಉಳಿದವರೂ ಹಾಗೇ ಒಪ್ಪಿಕೊಂಡರು. ವಾರವಾರ ಮನೆಮನೆಗೆ ಹೋದವರಿಗೆ ಕುಡಿತ ಕಂಡಿತು, ಜಗಳ ಕಂಡಿತು, ಕಾಯಿಲೆ ಕಂಡಿತು. ಹಣ ಎತ್ತಲು ಮಾಡಿದ ಗುಂಪು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಗುಂಪಾಯಿತು. ಅದೇ ‘ಕ್ಲಾಸ್ ಮೀಟಿಂಗ್’. ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಅಂಗೈಗಿಂತ ಚಿಕ್ಕದೊಂದು ಟಿಕೆಟ್ ಸಿಗುತ್ತಿತ್ತು: ಅಚ್ಚಾದ ಒಂದು ಬೈಬಲ್ ವಚನ, ಕೆಳಗೆ ಕೈಬರಹದಲ್ಲಿ ಸದಸ್ಯರ ಹೆಸರು. ಹೆಸರು ಬರೆದಿಡುವುದು, ಲೆಕ್ಕ ಇಡುವುದು ಈ ಸಭೆಗೆ ಹುಟ್ಟಿನಿಂದಲೇ ಬಂದ ಅಭ್ಯಾಸ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿಗೆ ಮೊದಲು ಬಂದವರು ಬ್ರಿಟನ್ನಿನ ವೆಸ್ಲಿಯನ್ನರು. 1820ರ ದಶಕದ ಆರಂಭದಲ್ಲಿ ಬೆಂಗಳೂರು ದಂಡಿನಲ್ಲಿ ಅವರ ಕೆಲಸ ನಡೆದದ್ದು ಹೆಚ್ಚಾಗಿ ತಮಿಳರ ನಡುವೆ. ಕನ್ನಡದ ಕಡೆ ತಿರುಗಿದ್ದು 1830ರ ದಶಕದಲ್ಲಿ. ಗುಬ್ಬಿಯಲ್ಲಿ ನೆಲೆ, ಆಮೇಲೆ ತುಮಕೂರು, ಮೈಸೂರು, ಹಾಸನ. ಬೆಂಗಳೂರಿನಲ್ಲಿ ಅವರ ಅಚ್ಚುಕೂಟ 1840ರ ಹೊತ್ತಿಗೆ ಶುರುವಾಯಿತು. ಅಲ್ಲಿ ಮಿಷನರಿ ಜಾನ್ ಗ್ಯಾರೆಟ್ 1849ರಲ್ಲಿ ಪ್ರಕಟಿಸಿದ ಪುಸ್ತಕ ಯಾವುದು ಗೊತ್ತೇ? ಭಗವದ್ಗೀತೆ! ಸಂಸ್ಕೃತ, ಕನ್ನಡ, ಇಂಗ್ಲಿಷ್ ಅಕ್ಕಪಕ್ಕದ ಅಂಕಣಗಳಲ್ಲಿ. ಮತಾಂತರಕ್ಕೆ ಬಂದವರು ಎಂದು ಒಂದೇ ಏಟಿಗೆ ಹೇಳಿ ಮುಗಿಸುವವರೂ, ಕನ್ನಡದ ಸೇವಕರು ಎಂದು ಹಾರ ಹಾಕಿ ಮುಗಿಸುವವರೂ ಈ ಪುಸ್ತಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮುಂದೆ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ 1887ರಲ್ಲಿ ಆರಂಭವಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಈ ಕಥೆಯನ್ನು ನಮ್ಮ ವಿದ್ವಾಂಸರು ಚೆನ್ನಾಗಿಯೇ ಬರೆದಿದ್ದಾರೆ.

ಎರಡನೆಯ ಕವಲು ಅಮೆರಿಕದ್ದು. ಬೋಧಕ ವಿಲಿಯಂ ಟೇಲರ್ 1870ರಲ್ಲಿ ಭಾರತಕ್ಕೆ ಬಂದು, 1874ರಲ್ಲಿ ಬೆಂಗಳೂರಿನಲ್ಲಿ ಸಭೆ ಕಟ್ಟಿದ. ಅವನ ಹಟ ಒಂದೇ: ಸಭೆ ಹೊರದೇಶದ ದುಡ್ಡಿನಲ್ಲಿ ಬದುಕಬಾರದು. ಆ ಹಟ ಪೂರ್ತಿ ಉಳಿಯಲಿಲ್ಲ. ಬೆಂಗಳೂರಿನಲ್ಲಿ ಈ ಸಭೆಯ ಬಾಲ್ಡ್ವಿನ್ ಶಾಲೆಗಳ ಹೆಸರೇ ಓಹಾಯೋದ ದಾನಿಯೊಬ್ಬರದು. ಇಂಗ್ಲಿಷ್ ಮಾತಾಡುವ ದಂಡಿನಲ್ಲಿ ಹುಟ್ಟಿದ ಈ ಸಭೆ ಕೋಲಾರಕ್ಕೆ ಹೋಯಿತು. 1904ರಲ್ಲಿ ಲಂಡನ್ ಮಿಷನ್‌ನಿಂದ ಬೆಳಗಾವಿಯನ್ನು ವಹಿಸಿಕೊಂಡಿತು. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಯಲ್ಲಿ ನಿಜಾಮನ ಆಳ್ವಿಕೆಯ ಕೆಳಗೆ ಹಳ್ಳಿಹಳ್ಳಿಗೆ ಹಬ್ಬಿತು. ಯಾದಗಿರಿಯ ಹೋಲ್ಸ್ಟನ್ ದವಾಖಾನೆ, ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಈ ಕವಲಿನವು. ಆದರೆ ಬೀದರ್ ಸೀಮೆಯಲ್ಲಿ ಸಭೆಯನ್ನು ನಿಲ್ಲಿಸಿದವರು ಕಟ್ಟಡ ಕಟ್ಟಿದವರಲ್ಲ, ಊರ ಹೊರಗಿನ ಕೇರಿಯ ದಲಿತ ಕುಟುಂಬಗಳು. ತೆಲಂಗಾಣದ ವಿಕಾರಾಬಾದ್ ಹತ್ತಿರ ಧಾರೂರಿನಲ್ಲಿ ನವೆಂಬರ್‌ನಲ್ಲಿ ಮೆಥೊಡಿಸ್ಟ್ ಜಾತ್ರೆ ನಡೆಯುತ್ತದೆ. ನಮ್ಮ ಕಡೆಯ ಜನವೂ ಹೋಗುತ್ತಾರೆ. ಅಮೆರಿಕದ ಮೆಥೊಡಿಸ್ಟರು ಕಾಡಂಚಿನಲ್ಲಿ ಡೇರೆ ಹಾಕಿ ಕೂಡುತ್ತಿದ್ದ ಪದ್ಧತಿಯನ್ನು ನಮ್ಮವರು ಜಾತ್ರೆ ಮಾಡಿಕೊಂಡರು. ಯಾರಾದರೂ ಇದರ ಮೇಲೆ ಪಿಎಚ್.ಡಿ. ಮಾಡಿ, ದಯವಿಟ್ಟು.

1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ನರು ತಮ್ಮ ಹೆಸರು ಬಿಟ್ಟುಕೊಟ್ಟು ಸಿ.ಎಸ್.ಐ. ಒಳಗೆ ಸೇರಿದರು. ಅಮೆರಿಕದ ಕವಲು ಸೇರಲಿಲ್ಲ. 1981ರಲ್ಲಿ ಭಾರತದ ಸ್ವತಂತ್ರ ಮೆಥೊಡಿಸ್ಟ್ ಸಭೆಯಾಯಿತು. ಹಾಗಾಗಿ ಹಳೇ ಮೈಸೂರಿನ ಎಷ್ಟೋ ಮನೆಗಳಿಗೆ ತಾವು ಒಂದು ಕಾಲಕ್ಕೆ ಮೆಥೊಡಿಸ್ಟರಾಗಿದ್ದೆವು ಎಂಬುದೇ ಮರೆತಿದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಾವು ಇದುವರೆಗೆ ಬರೆದ ಚರಿತ್ರೆ ಮಿಷನ್ ವರದಿಗಳ ಚರಿತ್ರೆ. ವೆಸ್ಲಿಯನ್ ಕಾಗದಪತ್ರ ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿದೆ; ಅಮೆರಿಕದ್ದು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದಲ್ಲಿ. ಆ ವರದಿಗಳು ಚಂದಾ ಕೊಡುವವರಿಗೆ ಬರೆದವು. ಅವುಗಳಲ್ಲಿ ಬೈಬಲ್ ಬೋಧಿಸಿದ ಹೆಂಗಸಿಗೆ ಎಷ್ಟೋ ಸಲ ಹೆಸರಿಲ್ಲ, ‘ನಮ್ಮ ಬೈಬಲ್ ವುಮನ್’ ಅಷ್ಟೇ. ಅವಳ ಹೆಸರು ಸಿಕ್ಕರೆ ಸಿಗುವುದು ಊರಿನ ದೇವಾಲಯದ ಬೀರುವಿನಲ್ಲಿ: ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ, ಮದುವೆ ಪುಸ್ತಕದಲ್ಲಿ, ಕಾಣಿಕೆ ಲೆಕ್ಕದಲ್ಲಿ. ಮಗುವಿನ ಹೆಸರು, ತಂದೆತಾಯಿ, ಊರು, ಕಸುಬು, ಸಭಾಪಾಲಕರ ಸಹಿ. ಬರ ಬಂದ ವರ್ಷ, ಪ್ಲೇಗ್ ಬಂದ ವರ್ಷ ಸಮಾಧಿ ಪುಸ್ತಕದಲ್ಲಿ ತಾನಾಗಿ ಕಾಣುತ್ತದೆ. ಗೆದ್ದಲು ಹಿಡಿಯುತ್ತಿರುವುದೂ ಅದೇ ಬೀರುವಿಗೆ.

ಒಂದು ಎಚ್ಚರಿಕೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಆದ್ದರಿಂದ ಸಭೆಯ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇರುವ ಮನೆಗಳಿವೆ. ಸಂಶೋಧಕರ ಉತ್ಸಾಹದಿಂದ ಒಂದು ಮನೆಯ ಅನ್ನ ಹೋಗಬಾರದು. ಸಭೆಯೊಳಗೂ ಬೆಂಚುಗಳ ನಡುವೆ ಜಾತಿ ಉಳಿದದ್ದು ಹೇಗೆ ಎಂಬುದನ್ನು ಬರೆಯಿರಿ, ಅಳುಕಬೇಡಿ. ಆದರೆ ಬದುಕಿರುವವರ ಹೆಸರು ಬೇಡ.

ಈ ವಿಚಾರ ಸಂಕಿರಣದ ಎರಡು ದಿನ ಪ್ರಬಂಧ ಮಂಡಿಸುವವರಲ್ಲಿ ನನ್ನ ವಿನಂತಿ ಇಷ್ಟು. ಊರಿಗೆ ಮರಳಿದ ಮೇಲೆ ನಿಮ್ಮ ಹತ್ತಿರದ ಒಂದು ದೇವಾಲಯವನ್ನು ಆಯ್ದುಕೊಳ್ಳಿ. ಸಭಾ ಸಮಿತಿಯ ಒಪ್ಪಿಗೆ ಪಡೆದು ಆ ಪುಸ್ತಕಗಳ ಫೋಟೋ ತೆಗೆಯಿರಿ. ಒಂದು ಪ್ರತಿಯನ್ನು ಸಭೆಗೇ ಕೊಡಿ. ಅವರು ಒಪ್ಪಿದರೆ ಇನ್ನೊಂದನ್ನು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಸಂಗ್ರಹಕ್ಕೆ ಕೊಡಿ. ಮೂಲ ಪುಸ್ತಕ ಮಾತ್ರ ಆ ಬೀರುವಿನಿಂದ ಹೊರಗೆ ಹೋಗುವುದು ಬೇಡ.