ಮಲ್ಪೆಯ ಎದುರಿನ ಲಾವಾ ದ್ವೀಪ



ಜ್ವಾಲಾಮುಖಿ ಎಂದರೆ ನಮಗೆ ಪಾಠದ ಜಪಾನ್, ಹವಾಯಿ. ಆದರೆ ಶಿರಾಳಕೊಪ್ಪದಿಂದ ಘಟ್ಟ ಇಳಿದರೆ, ಮಲ್ಪೆಯ ಎದುರಿಗೇ ಸೇಂಟ್ ಮೇರೀಸ್ ದ್ವೀಪವಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಅದು. ಆರುತ್ತಾ ಕುಗ್ಗಿ, ಬೇಸಿಗೆಯ ಕೆರೆಯಂಗಳದಂತೆ ಬಿರಿದು, ಆರು ಮೂಲೆಯ ಕಂಬಗಳಾಗಿದೆ. ಒಂದು ಕಡೆ ಕಂಬಗಳ ಸಾಲು, ಇನ್ನೊಂದು ಕಡೆ ಕಾಲಿಟ್ಟಲ್ಲೆಲ್ಲ ಚಿಪ್ಪು, ನಡುವೆ ತೆಂಗಿನ ಮರಗಳು. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನದನ್ನು ಕಂಡೆ, ತಡವಾಯಿತು.

ಪ್ರತಿವರ್ಷ ಒಂಬತ್ತನೇ ತರಗತಿಯ ಪ್ರವಾಸಕ್ಕೆ ಬಸ್ಸಿನ ಬಾಡಿಗೆ ನಮ್ಮ ಬ್ಯಾಚಿನದು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಡಿಸೆಂಬರ್ ಒಳ್ಳೆಯದು. ಅಲ್ಲಿ ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳಿದ್ದಾರೆ. ಮೇಷ್ಟ್ರೇ, ನೀರಿಗಿಳಿಸಬೇಡಿ, ಕಲ್ಲು ಮುಟ್ಟಿಸಿ ಸಾಕು. ಪೋಷಕರೇ, ಹೆಣ್ಣುಮಕ್ಕಳನ್ನೂ ಕಳಿಸಿಕೊಡಿ.