ದುಡ್ಡಿನ ಚೀಲದ ಬಾಯಿ ಯಾರ ಕೈಲಿ?

(ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಹಾಸ್ಟೆಲ್ಲಿನ ಅಕ್ಕಿ ಎಲ್ಲಿಗೆ ಹೋಯ್ತು ಅಂತ ಲೆಕ್ಕ ಕೇಳೋದು ಒಂದು. ಅಕ್ಕಿ ಕೊಟ್ಟ ಜಮೀನ್ದಾರ ಬಂದು ಪಂಕ್ತಿಯಲ್ಲಿ ಯಾರು ಕೂರಬೇಕು, ಯಾರು ಹೊರಗೆ ನಿಲ್ಲಬೇಕು ಅಂತ ಹೇಳೋದು ಇನ್ನೊಂದು. ಇವೆರಡರ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ವಿಶ್ವಸಂಸ್ಥೆಗೆ ದುಡ್ಡು ಕೊಡುವ ವಿಷಯದಲ್ಲಿ ಅಮೆರಿಕದ ಶಾಸನಸಭೆ, ಅಂದರೆ ಅಲ್ಲಿನ ಕಾಂಗ್ರೆಸ್ಸು, ಎರಡನ್ನೂ ಕಲಸಿಬಿಟ್ಟಿದೆ.

ವಿಶ್ವಸಂಸ್ಥೆಯ ಸನ್ನದಿನ 17ನೇ ವಿಧಿಯಂತೆ ಖರ್ಚನ್ನು ಸದಸ್ಯ ದೇಶಗಳು ಹೊರಬೇಕು. ಯಾರ ಪಾಲು ಎಷ್ಟು ಅಂತ ಸಾಮಾನ್ಯ ಸಭೆ ಗೊತ್ತುಮಾಡುತ್ತೆ. ಆ ಸಭೆಯಲ್ಲಿ ಸಾಹುಕಾರ ದೇಶಕ್ಕೂ ಒಂದೇ ಓಟು, ಬಡ ದೇಶಕ್ಕೂ ಒಂದೇ ಓಟು. 1985ರಲ್ಲಿ ಸೆನೆಟರ್ ನ್ಯಾನ್ಸಿ ಕಾಸೆಬಾಮ್ ತಂದ ತಿದ್ದುಪಡಿ ಏನು ಹೇಳಿತು? ಬಜೆಟ್ಟಿನ ವಿಷಯದಲ್ಲಿ ದುಡ್ಡಿಗೆ ತಕ್ಕಂತೆ ಓಟಿನ ತೂಕ ಇರಬೇಕು, ಇಲ್ಲದಿದ್ದರೆ ನಮ್ಮ ಪಾಲು ಶೇಕಡಾ 25ರಿಂದ 20ಕ್ಕೆ ಇಳೀತದೆ! ಆಸ್ತಿ ಇದ್ದವನಿಗೇ ಓಟು ಅಂತಿದ್ದ ಕಾಲದ ಮಾತಿದು. 1999ರಲ್ಲಿ ಮತ್ತೆ ಅದೇ ರಾಗ. 92.6 ಕೋಟಿ ಡಾಲರ್ ಬಾಕಿ ತೀರಿಸೋದಕ್ಕೂ ಷರತ್ತುಗಳು. 2000ದ ಡಿಸೆಂಬರಿನಲ್ಲಿ ಸಾಮಾನ್ಯ ಸಭೆ ಅವರ ಪಾಲನ್ನು ಶೇಕಡಾ 22ಕ್ಕೆ ಇಳಿಸಿಕೊಟ್ಟಿತು.

ಯುನೆಸ್ಕೋ ಕತೆ ವಿದ್ಯಾರ್ಥಿಗಳಾದ ನಮಗೆ ಇನ್ನೂ ಹತ್ತಿರದ್ದು. ಅದು ಶಿಕ್ಷಣದ ಸಂಸ್ಥೆ. ಪ್ಯಾಲೆಸ್ತೀನನ್ನು ಸದಸ್ಯನಾಗಿ ಸೇರಿಸಿಕೊಂಡ ವಿಶ್ವಸಂಸ್ಥೆಯ ಅಂಗಗಳಿಗೆ ದುಡ್ಡಿಲ್ಲ ಅಂತ ಕಾಂಗ್ರೆಸ್ಸು 1990ರಲ್ಲಿ, 1994ರಲ್ಲಿ ಕಾನೂನು ಮಾಡಿಟ್ಟಿತ್ತು. 2011ರ ಅಕ್ಟೋಬರ್ 31ರಂದು ಯುನೆಸ್ಕೋ ಸೇರಿಸಿಕೊಂಡಿತು. ಪರವಾಗಿ 107, ವಿರುದ್ಧ 14. ಬಜೆಟ್ಟಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ದುಡ್ಡು ಒಮ್ಮೆಗೇ ನಿಂತುಹೋಯ್ತು. ಇಲ್ಲಿ ಯಾರೂ ಲೆಕ್ಕ ಕೇಳಿದ್ದಲ್ಲ, ಕಳ್ಳತನ ಹಿಡಿದಿದ್ದಲ್ಲ. ಪಂಕ್ತಿಯಲ್ಲಿ ಕೂರಿಸಿಕೊಂಡಿರಿ ಅನ್ನೋದೇ ತಪ್ಪು. ಬಾಕಿ ಉಳಿಸಿಕೊಂಡ ಅಮೆರಿಕ 2013ರಲ್ಲಿ ಅಲ್ಲಿ ತನ್ನ ಓಟನ್ನೇ ಕಳಕೊಂಡಿತು.

ಹಾಗಾದರೆ ಶಾಸನಸಭೆ ಕೈಕಟ್ಟಿ ಕೂತಿರಲಿ ಅಂತೀವಾ? ಖಂಡಿತ ಇಲ್ಲ. ಕೂತರೆ ಏನಾಗುತ್ತೆ ಅನ್ನೋದನ್ನೂ ಅಮೆರಿಕವೇ ತೋರಿಸಿದೆ. ಅಲ್ಲಿ ಹಣಕಾಸು ವರ್ಷ ಮುಗಿಯೋದು ಸೆಪ್ಟೆಂಬರ್ 30ಕ್ಕೆ. ಕಾಂಗ್ರೆಸ್ಸು ಮಂಜೂರು ಮಾಡಿದ್ದ 490 ಕೋಟಿ ಡಾಲರ್ ವಿದೇಶಿ ನೆರವನ್ನು ರದ್ದು ಮಾಡ್ತೀವಿ ಅಂತ 2025ರ ಆಗಸ್ಟ್ ಕೊನೆಯಲ್ಲಿ ಟ್ರಂಪ್ ಸರ್ಕಾರ ಕಾಗದ ಕಳಿಸಿತು. ಶಾಂತಿಪಾಲನಾ ಪಡೆಗಳ ದುಡ್ಡೂ ಅದರಲ್ಲಿತ್ತು. ತೀರ್ಮಾನಕ್ಕೆ 45 ದಿನ ಅಂತ 1974ರ ಕಾನೂನು. ವರ್ಷದಲ್ಲಿ ಉಳಿದಿದ್ದು ಒಂದು ತಿಂಗಳು. ಚರ್ಚೆಯೇ ಇಲ್ಲದೆ ಮಂಜೂರಾತಿ ಸಾಯಲಿ ಅನ್ನೋ ಉಪಾಯ. ಬಡವರ ದೇಶಗಳ ಪಾಲಿಗೆ ಇದು ಷರತ್ತು ಹಾಕೋ ಸೆನೆಟರಿಗಿಂತ ಕೆಟ್ಟದ್ದು. ಸೆನೆಟರಾದರೂ ಸಭೆಯಲ್ಲಿ ಎದ್ದುನಿಂತು ಮಾತಾಡಬೇಕಿತ್ತು.

ನಮ್ಮ ದೇಶವೂ ವಿಶ್ವಸಂಸ್ಥೆಗೆ ವಂತಿಗೆ ಕೊಡುತ್ತೆ, ಮೂಲ ಬಜೆಟ್ಟಿನ ಸುಮಾರು ಶೇಕಡಾ 1. ಬಾಬಾಸಾಹೇಬರು ಪ್ರಾಂತೀಯ ಹಣಕಾಸಿನ ಮೇಲೆ 1925ರಲ್ಲೇ ಪುಸ್ತಕ ತಂದವರು. ಅವರ ಅಧ್ಯಕ್ಷತೆಯ ಸಮಿತಿ ರೂಪಿಸಿದ ಸಂವಿಧಾನದ 114ನೇ ವಿಧಿಯಂತೆ ಸಂಸತ್ತಿನ ಕಾನೂನಿಲ್ಲದೆ ಸಂಚಿತ ನಿಧಿಯಿಂದ ಒಂದು ಪೈಸೆಯೂ ಹೊರಬರಬಾರದು. ಈ ವಂತಿಗೆ ವಿದೇಶಾಂಗ ಇಲಾಖೆಯ ಬೇಡಿಕೆಯೊಳಗೆ ಸೇರಿ ಲೋಕಸಭೆಗೆ ಬರುತ್ತೆ. ಬಹಳಷ್ಟು ಇಲಾಖೆಗಳ ಬೇಡಿಕೆಗಳು ಚರ್ಚೆಯಿಲ್ಲದೆ ಗಿಲೋಟಿನ್ನಿಗೆ ಬಿದ್ದು ಒಟ್ಟಿಗೆ ಪಾಸಾಗ್ತವೆ. ನಮ್ಮ ಹಾಸ್ಟೆಲ್ ದುಡ್ಡು ಬರೋ ಇಲಾಖೆಯದೂ ಇದೇ ದಾರಿ. ಎಂ.ಪಿ. ಊರಿಗೆ ಬಂದಾಗ ಹಾರದ ಬದಲು ಇದನ್ನು ಕೇಳೋಣ: ಈ ವರ್ಷ ಯಾವ್ಯಾವ ಬೇಡಿಕೆ ಚರ್ಚೆಯಾಯ್ತು, ಯಾವ್ಯಾವುದು ಹಾಗೇ ಪಾಸಾಯ್ತು, ಆಗ ನೀವೆಲ್ಲಿದ್ರಿ ಸ್ವಾಮಿ?