ಟೋಪಿಯೂ ಹೊಗೆಸೊಪ್ಪೂ

ಉತ್ತರ ಅಮೆರಿಕದಲ್ಲಿ ಇಂಗ್ಲಿಷರೂ ಫ್ರೆಂಚರೂ ಪೈಪೋಟಿಯಿಂದ ನೆಲೆಯೂರಿದ ಚರಿತ್ರೆಯನ್ನು ಮಕ್ಕಳಿಗೆ ಇಸವಿಗಳಿಂದಲೇ ಶುರುಮಾಡುತ್ತೇವೆ: 1607 ಇಂಗ್ಲಿಷರ ಜೇಮ್ಸ್‌ಟೌನ್, 1608 ಫ್ರೆಂಚರ ಕ್ವಿಬೆಕ್. ಬಾಯಿಪಾಠವಾಗುತ್ತದೆ, ಪರೀಕ್ಷೆ ಮುಗಿದರೆ ಮರೆತೂ ಹೋಗುತ್ತದೆ.

ನನ್ನನ್ನು ಕೇಳಿದರೆ, ಟೋಪಿಯಿಂದ ಶುರುಮಾಡಿ ಎನ್ನುತ್ತೇನೆ. ಯುರೋಪಿನ ಸಿರಿವಂತರ ಟೋಪಿಗೆ ಬೀವರ್ ಎಂಬ ಪ್ರಾಣಿಯ ತುಪ್ಪಳ ಬೇಕಿತ್ತು. ಬೀವರನ್ನು ಬೇಟೆಯಾಡಿ ತರುತ್ತಿದ್ದವರು ಉತ್ತರ ಅಮೆರಿಕದ ಮೂಲನಿವಾಸಿಗಳು. ಫ್ರೆಂಚರಿಗೆ ಅವರ ಸ್ನೇಹ ಬೇಕೇಬೇಕಾಯಿತು. ಸ್ನೇಹದ ಜೊತೆಗೆ ಅವರ ಹಗೆಗಳೂ ಬಂದವು. 1609ರಲ್ಲಿ ಫ್ರೆಂಚರ ನಾಯಕ ಶಾಂಪ್ಲೇನ್ ತನ್ನ ಮೂಲನಿವಾಸಿ ಮಿತ್ರರ ಪರವಾಗಿ, ಅವರ ಹಗೆಗಳಾದ ಮೋಹಾಕ್ ಬುಡಕಟ್ಟಿನವರ ಮೇಲೆ ಕೋವಿ ಹಾರಿಸಿದ. ವರ್ಜೀನಿಯಾದ ಇಂಗ್ಲಿಷರಿಗೆ ಹೊಗೆಸೊಪ್ಪು ಬೆಳೆಯಬೇಕಿತ್ತು. ಅದಕ್ಕೆ ಸ್ನೇಹವಲ್ಲ, ನೆಲ ಬೇಕು.

ಹಾಗಾದರೆ ಫ್ರೆಂಚರೇ ಒಳ್ಳೆಯವರಾ ಎಂದು ಮಗು ಥಟ್ಟನೆ ಕೇಳೀತು. ಅವಸರ ಬೇಡ. ಇಬ್ಬರ ಸರಕು ಬೇರೆ, ಅಷ್ಟೇ. ಮೂಲನಿವಾಸಿಗಳಿಗೆ ಸಿಡುಬು ಅಂಟಿಸುವುದರಲ್ಲಿ ಇಬ್ಬರಿಗೂ ಪಾಲಿತ್ತು.

ಇಬ್ಬರ ಪೈಪೋಟಿ ಕೊನೆಗೆ ಯುದ್ಧಕ್ಕೆ ತಿರುಗಿತು. 1759ರ ಕ್ವಿಬೆಕ್ ಕಾಳಗದಲ್ಲಿ ಇಂಗ್ಲಿಷರು ಗೆದ್ದರು. ಎರಡೂ ಕಡೆಯ ಸೇನಾಪತಿಗಳು ಗಾಯಗೊಂಡು ಸತ್ತರು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಕೆನಡಾ ಇಂಗ್ಲಿಷರ ಪಾಲಾಯಿತು. ಅದೇ ಒಪ್ಪಂದ ನಮ್ಮ ಪಾಂಡಿಚೇರಿಯನ್ನು ಫ್ರೆಂಚರಿಗೆ ಮರಳಿಸಿತು. ಭೂಪಟದಲ್ಲಿ ಎರಡನ್ನೂ ತೋರಿಸಿ, ಮಕ್ಕಳ ಕಣ್ಣರಳುತ್ತದೆ.

ಆ ಒಪ್ಪಂದಕ್ಕೆ ಮೂಲನಿವಾಸಿಗಳನ್ನು ಯಾರೂ ಕರೆದಿರಲಿಲ್ಲ. ಅದೇ ವರ್ಷ ಪಾಂಟಿಯಾಕ್ ಮುಂತಾದ ಮೂಲನಿವಾಸಿ ನಾಯಕರು ಇಂಗ್ಲಿಷರ ವಿರುದ್ಧ ಬಂಡೆದ್ದರು. ಇಂಗ್ಲೆಂಡಿನ ದೊರೆ ಅಪಲೇಚಿಯನ್ ಬೆಟ್ಟಸಾಲಿನ ಆಚೆ ವಲಸಿಗರು ನೆಲೆಸಕೂಡದೆಂದು ಗೆರೆ ಎಳೆದ. ವಲಸಿಗರು ದಾಟುತ್ತಲೇ ಹೋದರು.